ಚಿನ್ನ ಮುಟ್ಟಿಸಿದ ನೀರು

ಜಸ್‌ಮಾಯಾಳ ಕೆಲಸ ಹೋಗಿತ್ತು. ಕೆಲಸವಿಲ್ಲದವಳು ಗಂಡನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವಂತಿರಲಿಲ್ಲ. ಕರೆಸಿಕೊಳ್ಳಬೇಕಾದರೆ ವರಮಾನ ಇದ್ದವರೊಬ್ಬರು ಅವಳ ಜೊತೆ ಸಹಿ ಹಾಕಬೇಕಿತ್ತು. ಹಾಕುತ್ತೇನೆ ಅಂದವನು ಉಪ್ರೇತಿ ಒಬ್ಬನೇ. ಉಪ್ರೇತಿ ಸಹಿ ಹಾಕಬೇಕಾದರೆ ಉಪ್ರೇತಿಯ ಮನೆಯ ಪಾತ್ರೆ ಬೆಳಗಬೇಕಿತ್ತು.

ಅದಕ್ಕೇ ಅವಳು ಆ ಬೆಳಿಗ್ಗೆ ಒಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ, ಹೊರಗೆ ಹಿಮ ಸುರಿಯುತ್ತಿರುವಾಗ, ಉಪ್ರೇತಿಯ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಡಾಯಿ ತಿಕ್ಕುತ್ತಿದ್ದಳು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ನಲ್ಲಿಯಲ್ಲಿ ತಣ್ಣೀರು ಮಾತ್ರ. ಬೆರಳುಗಳು ಮೊದಲು ಉರಿದವು, ಆಮೇಲೆ ಕೆಂಪಾದವು, ಆಮೇಲೆ ಅವು ತನ್ನವೇ ಅಲ್ಲವೇನೋ ಅನ್ನುವ ಹಾಗಾದವು. ಒಳಗೆ ಉಪ್ರೇತಿಯ ಮೊಮ್ಮಗನ ಮುಂಜಿ. ಮಂತ್ರ ಕೇಳಿಸುತ್ತಿತ್ತು. ತುಪ್ಪದ ಹೊಗೆಯ ವಾಸನೆ ಬರುತ್ತಿತ್ತು.

ಉಪ್ರೇತಿಯ ಹೆಂಡತಿ ಚಹ ತಂದು ಮಾರು ದೂರದಲ್ಲಿ ನೆಲದ ಮೇಲಿಟ್ಟಳು. ಒಳಗಿನವರಿಗೆಲ್ಲ ಸ್ಟೀಲಿನ ಲೋಟ. ಇವಳಿಗೆ ಕುಡಿದು ಬಿಸಾಕುವ ಲೋಟ. ಅಮೆರಿಕ ಬಲು ಅನುಕೂಲದ ದೇಶ. ಊರಲ್ಲಾದರೆ ಇಂಥವರಿಗೆ ಅಂತಲೇ ಒಂದು ಲೋಟ ಬೇರೆ ಇಟ್ಟು, ಅದನ್ನು ಸೂರಿನಲ್ಲಿ ಸಿಕ್ಕಿಸಿ ಕಾಯಬೇಕಿತ್ತು. ಇಲ್ಲಿ ಆ ತಾಪತ್ರಯವೂ ತಪ್ಪಿತು.

"ಏ ಹುಡುಗಿ, ತಳ ಸರಿಯಾಗಿ ತಿಕ್ಕೇ. ಹೋದ್ಸಲ ಜಿಡ್ಡು ಹಂಗೇ ಬಿಟ್ಟಿದ್ದೆ."

"ಒಂಚೂರು ಬಿಸಿನೀರು ಸಿಕ್ಕಿದ್ರೆ, ಬಜೈ..."

"ಬಿಸಿನೀರು ಅಡಿಗೆಮನೇಲಿದೆ. ನಿಂಗೆ ತಂದ್ಕೊಡೋರು ಯಾರು ಇವತ್ತು? ಎಲ್ರೂ ಮಡೀಲಿದಾರೆ."

ಬಜೈ ಎಂದರೆ ಅಜ್ಜಿ, ಬಾಜೆ ಎಂದರೆ ತಾತ. ಬಾಹುನರನ್ನು, ಅಂದರೆ ಬ್ರಾಹ್ಮಣರನ್ನು, ದಮಾಯಿಗಳು ಹಾಗೆಯೇ ಕರೆಯಬೇಕು. ಬಾಹುನನಿಗೆ ಇನ್ನೂ ಮೀಸೆ ಮೂಡಿರದಿದ್ದರೂ ದಮಾಯಿ ಮುದುಕನಿಗೆ ಅವನು ತಾತ. ದಮಾಯಿಗಳು ಊರವರ ಬಟ್ಟೆ ಹೊಲಿಯುವವರು. ಊರವರ ಮದುವೆಗೆ ಅಂಗಳದಲ್ಲಿ ನಿಂತು ಸನಾಯಿ ಊದುವವರು. ಊದಿದ ಮೇಲೆ ಅಂಗಳದಲ್ಲೇ ಉಂಡು, ಉಂಡ ಎಲೆ ತಾವೇ ಎತ್ತಿ, ಕೂತ ಜಾಗ ತಾವೇ ಸಾರಿಸಿ ಹೋಗುವವರು.

ನೇಪಾಳಿ ಮಾತಿನವರನ್ನೆಲ್ಲ ಭೂತಾನದಿಂದ ಓಡಿಸುವಾಗ ಸೈನಿಕರು ಬಾಹುನ ಯಾರು, ದಮಾಯಿ ಯಾರು ಅಂತ ಕೇಳಿರಲಿಲ್ಲ. ಒಂದೇ ಲಾರಿಯಲ್ಲಿ ತುಂಬಿದ್ದರು. ನೇಪಾಳದ ಶಿಬಿರದಲ್ಲಿ ಬಿದಿರು ಗುಡಿಸಲುಗಳೂ ಒಂದೇ ಅಳತೆಯವು. ಅಳುವೂ ಒಂದೇ, ಜ್ವರವೂ ಒಂದೇ. ನಲ್ಲಿಯ ಮುಂದೆ ಮಾತ್ರ ಸಾಲು ಎರಡಾಯಿತು. ಆಮೇಲೆ ಒಂದೇ ವಿಮಾನದಲ್ಲಿ ಕೂತು ಅಮೆರಿಕಕ್ಕೆ ಬಂದರು. ಇಲ್ಲಿ ಉಪ್ರೇತಿ ದಿನಸಿ ಅಂಗಡಿ ಹಾಕಿದ, ಎರಡು ಮನೆ ಕೊಂಡು ಬಾಡಿಗೆಗೆ ಕೊಟ್ಟ. ಜಸ್‌ಮಾಯಾ ಆಸ್ಪತ್ರೆಗಳ ಹೊದಿಕೆ ಒಗೆಯುವ ಕಾರ್ಖಾನೆ ಸೇರಿದಳು. ರಕ್ತದ ಹೊದಿಕೆ, ಕೀವಿನ ಹೊದಿಕೆ, ಸತ್ತವರ ಕೆಳಗಿಂದ ಎಳೆದ ಹೊದಿಕೆ. ಅಲ್ಲಿ ಯಾರೂ ಅವಳ ಜಾತಿ ಕೇಳಲಿಲ್ಲ. ಅದೊಂದು ಕಾರಣಕ್ಕೆ ಅವಳಿಗೆ ಆ ಕೆಲಸ ಇಷ್ಟವಾಗಿತ್ತು.

ರಜೆ ಹಾಕಿ ನೇಪಾಳದ ದಮಕ್‌ಗೆ ಹೋಗಿ ಹರ್ಕನನ್ನು ಮದುವೆಯಾದಳು. ಹರ್ಕ ಸನಾಯಿ ಊದುವವನು, ಊದುವ ಕೆಲಸವಿಲ್ಲದಾಗ ಪೇಟೆಯಲ್ಲಿ ಅಂಗಿ ಹೊಲಿಯುವವನು. ಇಬ್ಬರೂ ಒಟ್ಟಿಗಿದ್ದದ್ದು ಒಂದು ತಿಂಗಳೂ ತುಂಬಲಿಲ್ಲ. ಒಂದು ದಿನ ಅವನಿಗೆ ಅಂಗಿ ಹೊಲಿಯಲು ಕೂತಳು. ಅಳತೆಯ ಟೇಪು ಕೈಗೆ ಸಿಗಲಿಲ್ಲ. ಗೇಣಿನಲ್ಲಿ ಅವನ ಹೆಗಲು ಅಳೆದಳು. ಎರಡು ಗೇಣು, ಮೇಲೆ ನಾಲ್ಕು ಬೆರಳು. ಅವನು ಕಚಗುಳಿಯಾಗಿ ನಕ್ಕ. "ದರ್ಜಿ ಗಂಡಂಗೆ ದರ್ಜಿ ಹೆಂಡ್ತಿ ಅಳತೆ ತಗೋತಾಳೆ, ನೋಡ್ರಪ್ಪೋ!" ಅಂತ ಪಕ್ಕದ ಮನೆಗೆ ಕೇಳುವ ಹಾಗೆ ಕೂಗಿದ. ಹೊಲಿದು ಮುಗಿಸಿ ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದಳು. ಅದು ಅವಳ ಚಾಳಿ. "ಹಲ್ಲು ಸವೆದು ಹೋಗುತ್ತೆ ಕಣೇ, ಕತ್ತರಿ ತಗೋ" ಅಂತ ಅವಳ ತಾಯಿ ಆಮಾ ಚಿಕ್ಕಂದಿನಿಂದ ಬೈಯುತ್ತಲೇ ಬಂದಿದ್ದಳು.

ಅವಳು ವಾಪಸು ಬಂದು ಅರ್ಜಿ ಹಾಕಿದಳು. ಅರ್ಜಿ ಮುಂದೆ ಹೋಯಿತು. ವರಮಾನ ತೋರಿಸುವ ಹೊತ್ತಿಗೆ ಕಾರ್ಖಾನೆ ಮುಚ್ಚಿತು.

ಅರ್ಜಿ ಬರೆದುಕೊಡುವ ಕಚೇರಿಯ ಹೆಂಗಸು ಒಳ್ಳೆಯವಳೇ. "ನಿನಗೆ ಕೆಲಸ ಇಲ್ಲದಿದ್ರೂ ಪರವಾಗಿಲ್ಲಮ್ಮ, ವರಮಾನ ಇರೋರು ಯಾರಾದ್ರೂ ಜೊತೆಗೆ ಹೊಣೆ ನಿಲ್ಲಲಿ" ಅಂದಳು. ಯಾರು ನಿಲ್ಲುತ್ತಾರೆ? ದಮಾಯಿಗಳಲ್ಲಿ ಒಬ್ಬ ದುಡಿದರೆ ಆರು ಬಾಯಿ. ಸರಕಾರ ದುಡಿಮೆಯನ್ನು ಬಾಯಿಗಳಿಂದ ಭಾಗಿಸಿ ನೋಡುತ್ತದೆ. ಎಷ್ಟು ಮನೆಯ ಬಾಗಿಲು ತಟ್ಟಿದರೂ ಯಾರ ಲೆಕ್ಕವೂ ಸರಕಾರ ಎಳೆದ ವರಮಾನದ ಗೆರೆ ಮುಟ್ಟಲಿಲ್ಲ. ಬಡವರ ಹೊಣೆಯನ್ನು ಬಡವರು ಹೊರಕೂಡದು. ಹಾಗಂತ ಕಾನೂನು.

ಆಗ ಆಮಾ ಅಂದಳು. "ಉಪ್ರೇತಿ ಬಾಜೇನ ಕೇಳೋಣ. ಭೂತಾನದಲ್ಲಿ ನಿಮ್ಮಪ್ಪ ಅವರಪ್ಪನ ಮನೆಗೆ ಹೊಲೀತಿದ್ದ. ಸುಗ್ಗಿಗೆ ಕಾಳಿನ ಆಯ ಕೊಡೋರು. ಹಳೇ ಋಣ ಇದೆ."

ಉಪ್ರೇತಿ ಅಂಗಡಿಯ ಗಲ್ಲಾದ ಹಿಂದೆ ಕೂತು ಎಲ್ಲ ಕೇಳಿಸಿಕೊಂಡ. ಆಮಾ ನಿಂತೇ ಇದ್ದಳು. ಕೂರು ಅಂತ ಅವನು ಅನ್ನಲಿಲ್ಲ, ಅನ್ನುತ್ತಾನೆ ಅಂತ ಅವಳೂ ಕಾಯಲಿಲ್ಲ.

"ಹಾಕ್ತೀನಿ ಕಣಮ್ಮ. ನಮ್ಮ ಮನೆ ದಮಾಯಿಗಳಲ್ವಾ ನೀವು? ಆದ್ರೆ ಇದು ಸುಮ್ನೆ ಸಹಿ ಅಲ್ಲ. ನಿನ್ ಅಳಿಯ ಇಲ್ಲಿ ಉಪವಾಸ ಬಿದ್ರೆ ಸರಕಾರ ನನ್ನ ಕುತ್ತಿಗೆ ಹಿಡಿಯುತ್ತೆ. ಹತ್ತು ವರ್ಷ ನನ್ನ ತಲೆ ಮೇಲಿರುತ್ತೆ. ನಾನು ಇಷ್ಟು ಹೊತ್ತ ಮೇಲೆ ನೀವೂ ಒಂದಿಷ್ಟು ಹೊರಬೇಕಲ್ವಾ?"

"ಏನ್ ಹೇಳಿದ್ರೂ ಮಾಡ್ತೀವಿ, ಬಾಜೆ."

ಏನು ಹೇಳಿದರೂ ಮಾಡಿದಳು ಜಸ್‌ಮಾಯಾ. ಅಂಗಡಿ ಗುಡಿಸಿದಳು. ಅಕ್ಕಿ ಮೂಟೆ ಹೊತ್ತಳು. ದಸರೆಗೆ ಅವರ ಮನೆಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದಳು. ಮುಂಜಿ ಗೊತ್ತಾದ ಮೇಲೆ ಸೊಸೆಯರಿಗೆ, ನಾದಿನಿಯರಿಗೆ, ಬೇರೆ ಊರಿಂದ ಬರುವ ನೆಂಟರಿಗೆ ಹೊಲಿದಳು. ವಟುವಿನ ಹಳದಿ ಮಡಿಬಟ್ಟೆಯ ಅಂಚನ್ನೂ ಅವಳೇ ಮಡಿಸಿ ಹೊಲಿದಳು. ಕೂಲಿ ಕೇಳಲಿಲ್ಲ. ಬೇರೆ ಕೆಲಸ ಹುಡುಕಲು ಹೊರಟರೆ ಬಾಜೆ ಕರೆ ಕಳಿಸುತ್ತಿದ್ದ. ಅರ್ಜಿಯ ಕಡತ ಅವನ ಅಂಗಡಿಯ ಡ್ರಾಯರಿನಲ್ಲಿತ್ತು. "ಒಳ್ಳೇ ದಿನ ನೋಡಿ ಹಾಕೋಣ" ಅನ್ನುತ್ತಿದ್ದ. ಅವಳ ಪಾಲಿಗೆ ಒಳ್ಳೆಯ ದಿನವೇ ಇಲ್ಲದ ಪಂಚಾಂಗ ಅದು.

ಜೀತವಲ್ಲದೆ ಇನ್ನೇನು ಇದು? ಅವಳಿಗೆ ಗೊತ್ತಿತ್ತು. ಹರ್ಕನಿಗೆ ಮಾತ್ರ ಹೇಳಿರಲಿಲ್ಲ. ಫೋನಿನಲ್ಲಿ ಅವನ ಮುಖ ಕಂಡಾಗ ಬಾತುಕೊಂಡ ಕೈಗಳನ್ನು ಕೆಳಗಿಟ್ಟು ಮಾತಾಡುತ್ತಿದ್ದಳು.

ಮುಂಜಿಯ ದಿನ ಅನ್ನ ಬೇಯುತ್ತಿದ್ದದ್ದೂ ಅದೇ ಶೆಡ್ಡಿನಲ್ಲಿ, ಆ ಕೊನೆಯಲ್ಲಿ. ದೊಡ್ಡ ಗ್ಯಾಸ್ ಒಲೆ, ಅದರ ಮೇಲೆ ಮೊಣಕಾಲೆತ್ತರದ ಹಂಡೆ. ಬಾಹುನ ಅಡಿಗೆಯವನೊಬ್ಬ ನೋಡಿಕೊಳ್ಳುತ್ತಿದ್ದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಗೆರೆಯ ಆಚೆ ಅನ್ನ, ಈಚೆ ಜಸ್‌ಮಾಯಾ.

ಒಳಗೆ ಮಂತ್ರೋಪದೇಶದ ಹೊತ್ತು ಬಂತು. "ಬನ್ರೋ, ಬನ್ರೋ" ಅಂತ ಕೂಗು ಎದ್ದಿತು. ಅಡಿಗೆಯವನೂ ಫೋನು ಹಿಡಿದು ಫೋಟೋ ತೆಗೆಯಲು ಓಡಿದ. ಆಗಲೇ ಹಂಡೆ ಉಕ್ಕಿತು. ಗಂಜಿ ಸುರಿದು ಒಲೆ ಆರಿತು. ಗ್ಯಾಸು ಬುಸ್ಸೆಂದು ಹೊರಗೆ ಬರತೊಡಗಿತು.

"ಬಜೈ! ಯಾರಾದ್ರೂ ಬನ್ನಿ! ಅನ್ನ ಉಕ್ತಿದೆ!"

ಯಾರೂ ಬರಲಿಲ್ಲ. ಅವಳು ಗೆರೆ ದಾಟಿದಳು. ಗ್ಯಾಸಿನ ಕಿವಿ ತಿರುಗಿಸಿ ನಿಲ್ಲಿಸಿದಳು. ಮುಚ್ಚಳ ಎತ್ತಿದಳು. ತಳ ಹಿಡಿಯದಿರಲೆಂದು ಸೌಟು ಹಾಕಿ ಒಂದು ಸಲ ತಿರುವಿದಳು. ಅನ್ನ ಉಕ್ಕುವಾಗ ಕೈಕಟ್ಟಿ ನಿಲ್ಲುವ ಹೆಂಗಸು ಇನ್ನೂ ಹುಟ್ಟಿಲ್ಲ. ಯಾವ ಜಾತಿಯಲ್ಲೂ ಹುಟ್ಟಿಲ್ಲ.

ಬಜೈ ಬಾಗಿಲಿಗೆ ಬಂದದ್ದು ಆಗ. ಸೌಟು ಇನ್ನೂ ಜಸ್‌ಮಾಯಾಳ ಕೈಯಲ್ಲಿತ್ತು.

"ಅಯ್ಯಯ್ಯೋ! ಕೆಡಿಸಿಬಿಟ್ಲು! ಎಲ್ಲಾ ಕೆಡಿಸಿಬಿಟ್ಲಲ್ಲಪ್ಪೋ ಹಾಳಾದೋಳು!"

"ಗ್ಯಾಸು ಬರ್ತಿತ್ತು, ಬಜೈ. ಕೂಗಿದೆ. ಯಾರೂ..."

"ಗ್ಯಾಸ್ ಬಂದ್ರೆ ಬರ್ಲಿ! ಮನೆ ಸುಟ್ರೆ ಸುಡ್ಲಿ! ನಿನ್ನ ಯಾರೇ ಮುಟ್ಟು ಅಂದಿದ್ದು?"

ಇಡೀ ಹಂಡೆಯ ಅನ್ನವನ್ನು ಕಪ್ಪು ಕಸದ ಚೀಲಗಳಿಗೆ ತೋಡಿದರು. ತೋಡಿದವಳು ಜಸ್‌ಮಾಯಾಳೇ. ಅವಳು ಮುಟ್ಟಿದ್ದನ್ನು ಬೇರೆ ಯಾರು ಮುಟ್ಟುತ್ತಾರೆ? ಚೀಲ ಹೊತ್ತು ಹಿಮದಲ್ಲಿ ಕಸದ ತೊಟ್ಟಿಯವರೆಗೆ ನಡೆದಳು. ಬಿಸಿ ಅನ್ನ ಪ್ಲಾಸ್ಟಿಕ್ಕಿನ ಒಳಗಿಂದಲೇ ಅವಳ ಮುಂಗೈ ಸುಟ್ಟಿತು. ಮತ್ತೆ ಬಂದಳು, ಮತ್ತೆ ಹೊತ್ತಳು. ಶಿಬಿರದಲ್ಲಿ ಒಂದು ಹಿಡಿ ಅಕ್ಕಿಗೆ ಚೀಟಿ ಹಿಡಿದು ನಿಂತ ಜನ ಇವರೇ. ತೊಟ್ಟಿಯಿಂದ ಹಬೆ ಏಳುವುದನ್ನು ಕಿಟಕಿಯಿಂದ ನೋಡುತ್ತಿದ್ದರು. ಹಸಿದ ಮಕ್ಕಳಿಗೆ ಪಿಜ್ಜಾ ತರಿಸಿದರು. ಪಿಜ್ಜಾ ಮಾಡಿದವನ ಜಾತಿ ಯಾವುದೆಂದು ಒಬ್ಬರೂ ಕೇಳಲಿಲ್ಲ.

ಮನೆಗೆ ಹೋಗಿಬಿಡೋಣ ಅನ್ನಿಸಿತು. ಕಡತ ಬಾಜೆಯ ಹತ್ತಿರ ಇತ್ತು. ಮತ್ತೆ ಕೂತು ಹಂಡೆ ತಿಕ್ಕಿದಳು. ತಿಕ್ಕುತ್ತ ಅತ್ತಳು. ಮೂಗು ಒರೆಸಿಕೊಳ್ಳಲು ಒಣಗಿದ ಬೆರಳು ಒಂದೂ ಇರಲಿಲ್ಲ.

ಎರಡನೆಯ ಸಲ ಅನ್ನ ಬೆಂದು, ಊಟ ಮುಗಿದ ಮೇಲೆ ಕರೆ ಬಂತು. "ಬಾಜೆ ಕರೀತಿದಾರೆ. ಹಾಲ್‌ ಬಾಗಿಲ ಹತ್ರ ನಿಂತ್ಕೋಬೇಕಂತೆ."

ಹೋಗಿ ನಿಂತಳು. ಹಾಲ್‌ನ ತುಂಬ ಕಂಬಳಿ ಹಾಸು. ಹಾಸಿನ ಅಂಚಿಗೆ ಅವಳ ರಬ್ಬರ್ ಬೂಟಿನ ತುದಿ. ಉಪ್ರೇತಿ ಹೊಸ ಟೋಪಿ ಹಾಕಿಕೊಂಡು, ಹೊಟ್ಟೆ ತುಂಬಿ, ನೆಂಟರ ನಡುವೆ ಕೂತಿದ್ದ. ಮುಂದೆ ಮೇಜು. ಮೇಜಿನ ಮೇಲೆ ಅವಳ ಕಡತ.

"ನೋಡ್ರಪ್ಪ," ಅಂದ ಉಪ್ರೇತಿ ಎಲ್ಲರಿಗೂ ಕೇಳುವ ಹಾಗೆ. "ಇವ್ಳು ಬೆಳಿಗ್ಗೆ ನಮ್ಮ ಅನ್ನ ಕೆಡಿಸಿದ್ಲು. ಬೇರೆಯವರಾಗಿದ್ರೆ ಒದ್ದು ಓಡಿಸ್ತಿದ್ರು. ನಾನು ಹಂಗಲ್ಲ. ಇವತ್ತು ಒಳ್ಳೇ ದಿನ. ನಮ್ಮ ಮನೆ ದಮಾಯಿ ಹುಡುಗಿ, ಗಂಡ ಅಲ್ಲಿ, ಇವ್ಳು ಇಲ್ಲಿ. ಇವತ್ತೇ ಸಹಿ ಹಾಕ್ತೀನಿ. ಒಂದು ಪುಣ್ಯದ ಕೆಲಸ."

"ಧರ್ಮಾತ್ಮ!" ಅಂದ ಒಬ್ಬ.

"ಬಿಟ್ಟಿ ಏನಲ್ಲ ಬಿಡು," ಅಂತ ಉಪ್ರೇತಿ ನಕ್ಕ. "ಇವ್ಳ ಗಂಡ ಸನಾಯಿ ಊದ್ತಾನೆ. ನಾಳೆ ಮೊಮ್ಮಕ್ಕಳ ಮದುವೇಲಿ ನಮ್ಮ ಅಂಗಳದಲ್ಲಿ ನಿಂತು ಊದ್ಲಿ. ಇಡೀ ಒಹಾಯೋದಲ್ಲಿ ಸ್ವಂತ ದಮಾಯಿ ಇರೋ ಮನೆ ನಮ್ದೊಂದೇ!"

ಎಲ್ಲರೂ ನಕ್ಕರು. ಜಸ್‌ಮಾಯಾಳ ಕಣ್ಣು ಕಡತದ ಮೇಲಿತ್ತು. ಹಾಕು, ಮಹಾರಾಯ, ಬೇಗ ಹಾಕು ಅಂತ ಮನಸ್ಸು ಕೂಗುತ್ತಿತ್ತು. ನಗುವುದಾದರೆ ನಗಲಿ. ಒಂದು ಗೀಟು ಎಳೆದುಬಿಡಲಿ.

ಉಪ್ರೇತಿ ಪೆನ್ನು ತೆಗೆದ. ಬಜೈ ಅವನ ಕೈ ತಡೆದಳು.

"ತಡೀರಿ. ಅವ್ಳು ಮುಟ್ಟಿರೋದು. ಪೂಜೆ ಬಟ್ಟೇಲಿದೀರಿ."

ಬಜೈ ಬೆರಳಿನ ಉಂಗುರ ಕಳಚಿ ನೀರಿನ ಲೋಟಕ್ಕೆ ಅದ್ದಿದಳು. ಚಿನ್ನ ಮುಟ್ಟಿಸಿದ ನೀರು. ದಮಾಯಿ ಕೂತ ಜಗಲಿಗೆ, ದಮಾಯಿ ಮುಟ್ಟಿದ ಕೊಡಕ್ಕೆ, ದಮಾಯಿ ತಗುಲಿದ ಮೈಗೆ ಚಿಮುಕಿಸುವ ನೀರು. ಗರಿಕೆಯಿಂದ ಕಡತದ ಮೇಲೆ ಚಿಮುಕಿಸಿದಳು. ಅಷ್ಟು ಸಾಲದೆ ಕಡತ ತೆರೆದು ಒಳಗಿನ ಹಾಳೆಗಳ ಮೇಲೂ ಚಿಮುಕಿಸಿದಳು. ಮೇಲೆಯೇ ಮದುವೆಯ ಫೋಟೋ ಇತ್ತು. ಮನೆಯ ಯಂತ್ರದಲ್ಲಿ ಸಾದಾ ಹಾಳೆಯ ಮೇಲೆ ಅಚ್ಚು ಹಾಕಿಸಿದ್ದು. ಒಂದು ಹನಿ ಹರ್ಕನ ಮುಖದ ಮೇಲೆ ಬಿತ್ತು. ಬಣ್ಣ ಕರಗಿತು. ಅವನ ಬಾಯಿ, ಗಲ್ಲ, ಹಣೆಯ ಕೆಂಪು ಟೀಕಾ ಕಲಸಿಕೊಂಡು ಕೆಳಗೆ ಇಳಿಯಿತು.

ಜಸ್‌ಮಾಯಾ ಕಂಬಳಿಯ ಮೇಲೆ ಕಾಲಿಟ್ಟಳು.

"ಏ! ಏ! ಎಲ್ಲಿಗೆ ಬರ್ತೀಯೇ?" ಬಜೈ ಕಿರುಚಿದಳು.

ಬೂಟಿನ ಕೊಳಕು ಹಾಸಿನ ಮೇಲೆ ಮೂಡುತ್ತ ಬಂತು. ಮೇಜಿನ ತನಕ ನಡೆದಳು. ಕಡತ ಎತ್ತಿ ಎದೆಗೆ ಹಿಡಿದಳು.

"ಸಹಿ ಬೇಡ, ಬಾಜೆ."

"ಏನಂದೆ?"

"ಬೇಡ ಅಂದೆ."

ಜಸ್‌ಮಾಯಾ ಬಜೈಯ ಕಡೆ ತಿರುಗಿದಳು. "ಬಜೈ, ಮೈ ಮೇಲಿನ ಆ ಕುಪ್ಪಸ ಯಾರು ಹೊಲಿದಿದ್ದು? ನಾನು. ನಿಮ್ಮ ಸೊಸೇದು? ನಾನು. ಅಲ್ಲಿ ಕೂತಿದಾರಲ್ಲ ಆ ಅಕ್ಕನವರದು, ಈ ಅಕ್ಕನವರದು? ಎಲ್ಲಾ ನಾನೇ. ವಟು ಸೊಂಟದಲ್ಲಿರೋ ಮಡಿಬಟ್ಟೆ ಅಂಚೂ ನಂದೇ. ನಾನು ದಾರ ಕತ್ತರೀಲಿ ಕತ್ತರಿಸಲ್ಲ, ಬಜೈ. ಹಲ್ಲಲ್ಲಿ ಕಚ್ಚಿ ಹರೀತೀನಿ. ಒಂದೊಂದು ಹೊಲಿಗೆ ಕೊನೇಲೂ ನನ್ನ ಎಂಜಲಿದೆ. ಅದನ್ನ ಉಟ್ಕೊಂಡೇ ಮಂತ್ರ ಹೇಳಿದ್ರಿ. ಹೋಮ ಮಾಡಿದ್ರಿ. ಯಾವ ಅನ್ನ ಕೆಡಿಸಿದೆ ನಾನು? ಚಿಮುಕಿಸಿ ಈಗ. ಎಷ್ಟು ಚಿನ್ನ ಇದೆಯೋ ಎಲ್ಲಾ ಅದ್ದಿ ಚಿಮುಕಿಸ್ಕೊಳ್ಳಿ."

ಒಬ್ಬಳು ತನ್ನ ತೋಳಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿಕೊಂಡಳು. ಇನ್ನೊಬ್ಬಳು ಎದೆಯ ಬಳಿ ಬಟ್ಟೆಯನ್ನು ಮೈಯಿಂದ ದೂರ ಎತ್ತಿದಳು. ಎಲ್ಲಿಗೆ ಎತ್ತುತ್ತಾರೆ? ಬಿಚ್ಚುವಂತಿಲ್ಲ, ತೊಟ್ಟಿರುವಂತಿಲ್ಲ.

ಉಪ್ರೇತಿಯ ಮುಖ ಕಪ್ಪಿಟ್ಟಿತು. "ಎಷ್ಟೇ ಕೊಬ್ಬು ನಿಂಗೆ? ಇನ್ಯಾವನು ಹಾಕ್ತಾನೆ ನಿಂಗೆ ಸಹಿ? ಕೆಲಸ ಇಲ್ಲ, ಬೊಗಸೆ ಇಲ್ಲ. ನಿನ್ ಗಂಡ ಅಲ್ಲೇ ಕೊಳೀತಾನೆ ನೋಡ್ತಿರು!"

"ಕೊಳೆಯೋದು ತೊಟ್ಟೀಲಿರೋ ಅನ್ನ, ಬಾಜೆ."

ಹೊರಗೆ ಬಂದಳು. ಕೋಟು ಶೆಡ್ಡಿನಲ್ಲೇ ಉಳಿದಿತ್ತು. ವಾಪಸು ಹೋಗಿ ತರುವ ಮನಸ್ಸಾಗಲಿಲ್ಲ. ಕಡತವನ್ನು ಅಂಗಿಯ ಒಳಗೆ ತೂರಿಸಿಕೊಂಡು ನಡೆದಳು. ಹಿಂದೆ ಯಾರೂ ಬರಲಿಲ್ಲ. ದಾರಿಯಲ್ಲಿ ಯಾರೂ ಸಿಗಲಿಲ್ಲ. ಗೆದ್ದೆ ಅಂತ ಅನ್ನಿಸಲಿಲ್ಲ. ಹರ್ಕನನ್ನು ತಾನೇ ಕೈಯಾರೆ ದೂರ ತಳ್ಳಿ ಬಂದೆ ಅನ್ನಿಸಿತು. ಒಂದು ಕಂಬಕ್ಕೆ ಒರಗಿ ನಿಂತು, ಹಲ್ಲು ಕಟಕಟ ಅನ್ನುವಾಗಲೇ, ಬಿಕ್ಕಿ ಬಿಕ್ಕಿ ಅತ್ತಳು.

ಮನೆಯಲ್ಲಿ ಆಮಾಗೆ ಆಗಲೇ ಸುದ್ದಿ ಮುಟ್ಟಿತ್ತು.

"ನಿನ್ ಬಾಯಿಗೆ ಮಣ್ಣು ಹಾಕ! ನಾಲ್ಕು ಹನಿ ನೀರಿಗೆ ಗಂಡನ್ನ ಕಳ್ಕೊಂಡ್ಯಲ್ಲೇ! ನಾನು ಜನ್ಮ ಎಲ್ಲಾ ಆ ನೀರಲ್ಲೇ ನೆಂದಿದೀನಿ. ಸತ್ತುಹೋದ್ನಾ?"

ಜಸ್‌ಮಾಯಾ ಬೂಟು ಕಳಚಿದಳು.

"ಅವರ ಅನ್ನ ತಿಂದು ಬೆಳೆದೋರು ಕಣೇ ನಾವು!"

"ನಾವು ಹೊಲಿದಿದ್ದು ಉಟ್ಟು ಬೆಳೆದೋರು ಅವರು, ಆಮಾ. ಇಲ್ಲಾಂದ್ರೆ ಬೆತ್ತಲೆ ಓಡಾಡ್ತಿದ್ರು."

ಆಮಾ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಆ ಸಂಜೆ ಹರ್ಕನಿಗೆ ಫೋನು ಮಾಡಿದಳು. ಅಲ್ಲಿ ಆಗತಾನೆ ಬೆಳಕು ಹರಿಯುತ್ತಿತ್ತು. ಅವನು ಸನಾಯಿಗೆ ಎಣ್ಣೆ ಒರೆಸುತ್ತಿದ್ದ. "ಸಹಿ ಆಯ್ತಾ, ಜಸು?" ಅಂದ ನಗುತ್ತ.

ಈ ಸಲ ಕೈ ಬಚ್ಚಿಡಲಿಲ್ಲ. ಸುಟ್ಟ ಮುಂಗೈ ತೋರಿಸಿದಳು. ಗುಡಿಸಿದ್ದು, ಹೊತ್ತದ್ದು, ಹೊಲಿದದ್ದು, ಅನ್ನ, ನೀರು, ಕರಗಿದ ಫೋಟೋ, ಎಲ್ಲ ಹೇಳಿದಳು. ಅವನ ನಗು ಎಲ್ಲಿ ನಿಂತಿತೆಂದು ಅವಳಿಗೆ ಕಂಡಿತು.

"ಏನಾದ್ರೂ ಅನ್ರೀ. ಬೈರಿ ಬೇಕಾದ್ರೆ."

ಅವನು ಸನಾಯಿಯನ್ನು ಚೀಲಕ್ಕೆ ಹಾಕಿದ. "ಇವತ್ತು ಮದುವೆ ಇದೆ," ಅಂದ. "ಬಾಹುನರ ಮನೆ. ಹೊತ್ತಾಯ್ತು." ಫೋನು ಇಟ್ಟ.

ಹಾಸಿಗೆಯಲ್ಲಿ ಅವಳು ಒಂದು ಬದಿಗೇ ಮಲಗುವುದು ರೂಢಿ. ಇನ್ನೊಂದು ಬದಿ ಅವನಿಗೆ. ಆ ಬದಿಗೆ ಕೈ ಚಾಚಿದಳು. ತಣ್ಣಗಿತ್ತು. ಇನ್ನು ಎಷ್ಟು ವರ್ಷ ಹೀಗೇ ತಣ್ಣಗಿರುತ್ತದೋ. ಅವನು ತನ್ನನ್ನು ಬಿಟ್ಟೇಬಿಟ್ಟನೇನೋ. ಇಷ್ಟು ದೊಡ್ಡ ದೇಶದಲ್ಲಿ, ಸರಿ ಮಾಡಿದೆ ಅಂತ ಒಂದು ಮಾತು ಹೇಳುವವರು ಒಬ್ಬರೂ ಇರಲಿಲ್ಲ.

ಬೆಳಿಗ್ಗೆ ಫೋನು ಬಂತು. ಹರ್ಕ ರಸ್ತೆಯ ಬದಿಯಲ್ಲಿ ನಿಂತಿದ್ದ. ಅಲ್ಲಿ ಸಂಜೆಗತ್ತಲು. ಹೆಗಲ ಮೇಲೆ ಸನಾಯಿಯ ಚೀಲ.

"ಮದುವೆ ಮುಗೀತಾ?" ಅಂದಳು.

"ಗೊತ್ತಿಲ್ಲ. ನಾನು ಬಂದ್ಬಿಟ್ಟೆ."

"ಅಂದ್ರೆ?"

"ಕೊಟ್ಟಿಗೆ ಪಕ್ಕ ಎಲೆ ಹಾಕಿದ್ರು. ಯಾವಾಗ್ಲೂ ಅಲ್ಲೇ ಹಾಕೋದು. ಯಾವಾಗ್ಲೂ ಅಲ್ಲೇ ಕೂತು ತಿಂತಿದ್ದೆ. ಇವತ್ತು ಎದ್ದು ಬಂದೆ. ದಿಬ್ಬಣ ಹೊರಡೋ ಹೊತ್ತು. ಊದೋಕೆ ಜನ ಇಲ್ದೆ ಬಾಯಿ ಬಡ್ಕೋತಿದ್ರು."

"ಯಾಕ್ರೀ ಹಂಗ್ಮಾಡಿದ್ರಿ?"

"ನೀನು ಎದ್ದು ಬಂದ್ಯಲ್ಲ."

ಅವನ ಹಿಂದೆ ಒಂದು ಬಸ್ಸು ಹಾದುಹೋಯಿತು.

"ಇನ್ನು ಆ ಕಡೆ ಯಾರೂ ನನ್ನ ಕರೆಯಲ್ಲ," ಅಂದ ಹರ್ಕ. "ಇಷ್ಟು ದಿನ ನಿಂಗೊಬ್ಬಳಿಗೇ ಕೆಲಸ ಇರ್ಲಿಲ್ಲ. ಈಗ ನಂಗೂ ಇಲ್ಲ. ಜೋಡಿ ಸರಿಹೋಯ್ತು ನೋಡು."

ಜಸ್‌ಮಾಯಾ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು. ಅವನು ಫೋನು ಕಿವಿಗೆ ಒತ್ತಿ ಹಿಡಿದು ಅದನ್ನು ಕೇಳಿಸಿಕೊಂಡ. ಆಮೇಲೆ ಅವನ ಫೋನಿನ ದುಡ್ಡು ಮುಗಿದು ಮಾತು ನಿಂತುಹೋಯಿತು. ಕೋಣೆಯಲ್ಲಿ ಮತ್ತೆ ಅವಳೊಬ್ಬಳೇ.

ಕಡತ ಬಿಡಿಸಿದಳು. ಸಹಿಯ ಜಾಗ ಖಾಲಿ ಇತ್ತು. ಒದ್ದೆ ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬಳಿ ಒಣಗಹಾಕಿದಳು. ಮುಖ ಕರಗಿದ ಫೋಟೋವನ್ನೂ ಹಾಕಿದಳು. ಮಧ್ಯಾಹ್ನ ಕೋಳಿ ಮಾಂಸದ ಕಾರ್ಖಾನೆಯ ಬಾಗಿಲಲ್ಲಿ ಕೆಲಸಕ್ಕೆ ಸಾಲು ನಿಲ್ಲಬೇಕಿತ್ತು. ಸಿಕ್ಕರೆ ಸಿಕ್ಕಿತು. ಸಿಕ್ಕರೂ ವರಮಾನ ಆ ಗೆರೆ ಮುಟ್ಟಲು ಎಷ್ಟು ಕಾಲ ಬೇಕೋ ಅವಳಿಗೆ ತಿಳಿಯದು.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಹೊಲಿಗೆ ಯಂತ್ರದ ಮೇಲಿದ್ದ ಉಪ್ರೇತಿ ಮನೆಯ ರೇಷ್ಮೆ ಬಟ್ಟೆಗಳನ್ನು ಮುದುರಿ ಬಾಗಿಲ ಹೊರಗಿಟ್ಟಳು. ಪೆಟ್ಟಿಗೆಯ ತಳದಿಂದ ದಪ್ಪ ಉಣ್ಣೆಯ ಬಟ್ಟೆ ತೆಗೆದಳು. ಹರ್ಕ ಬಂದಾಗ ಈ ಊರಿನ ಚಳಿಗೆ ಒಂದು ಕೋಟು ಬೇಕು. ಬಟ್ಟೆಯ ಮೇಲೆ ಗೇಣು ಇಟ್ಟಳು. ಎರಡು ಗೇಣು, ಮೇಲೆ ನಾಲ್ಕು ಬೆರಳು. ಬೆರಳು ಬಾತಿದ್ದವು. ಅಳತೆ ತಪ್ಪೀತೆಂದು ಇನ್ನೊಂದು ಸಲ ಇಟ್ಟು ನೋಡಿದಳು.

ಆಮಾ ಎದ್ದು ಕೂತಿದ್ದಳು. ನೋಡುತ್ತಿದ್ದಳು. ಹೆಗಲಿನ ಮೊದಲ ಹೊಲಿಗೆ ಮುಗಿಯಿತು. ಜಸ್‌ಮಾಯಾ ಬಗ್ಗಿ ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದಳು. ಆಮಾ ಕತ್ತರಿಯ ಮಾತೆತ್ತಲಿಲ್ಲ.